ನ್ಯೊರೊಮೊದಿಂದ ನ್ಯೊರೊಬೊನ್‌ವರೆಗೆ: ಪೋಕೆಮಾನ್ ಹೆಸರುಗಳಲ್ಲಿ ಘೋಷ, ಮಾತ್ರೆ ಮತ್ತು ಧ್ವನಿಸಾಂಕೇತಿಕತೆ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಯಾದೃಚ್ಛಿಕವಾದುದು ಎಂಬ ಸಸ್ಯೂರನ ನಿಲುವನ್ನು ನಾವು ಭಾಷಾವಿಜ್ಞಾನದ ಮೊದಲ ಪಾಠಗಳಲ್ಲಿಯೇ ಕಲಿಸುತ್ತೇವೆ. ಅನುಕರಣ ಪದಗಳನ್ನು ಅಪವಾದವೆಂದು ಬದಿಗಿರಿಸಿ ಮುಂದಿನ ಪಾಠಕ್ಕೆ ಹೋಗುವುದು ವಾಡಿಕೆ. ಆದರೆ ತರಗತಿಯಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: 'ಚಿಕ್ಕ' ಎನ್ನುವಲ್ಲಿ ಇಕಾರವೂ ಅಘೋಷ ವ್ಯಂಜನಗಳೂ, 'ದೊಡ್ಡ' ಎನ್ನುವಲ್ಲಿ ಒಕಾರವೂ ಘೋಷ ವ್ಯಂಜನಗಳೂ ಇರುವುದು ಬರಿಯ ಆಕಸ್ಮಿಕವೇ? 'ತೆಳು' ಮತ್ತು 'ದಪ್ಪ'ಗಳ ವಿಷಯವೇನು? ಇದಕ್ಕೆ ಎದುರಾಗಿ 'ಗಿಡ್ಡ'ವನ್ನೂ 'ಗುಬ್ಬಿ'ಯನ್ನೂ ಮುಂದಿಟ್ಟು ಪ್ರಶ್ನೆಯನ್ನು ಮುಗಿಸಿಬಿಡಬಹುದು. ಆಗ ಆ ವಿದ್ಯಾರ್ಥಿ 'ಗಿಡ್ಡ–ಗುಡ್ಡ' ಎಂಬ ಜೋಡಿಯನ್ನು ತೆಗೆದರೆ, ನಾವು 'ಕಿರಿಯ–ಹಿರಿಯ'ವನ್ನು ತೆಗೆಯಬೇಕಾಗುತ್ತದೆ. ಬೇಕಾದ ಪದಗಳನ್ನು ಆಯ್ದುಕೊಂಡು ಆಡುವ ಈ ವಾದಕ್ಕೆ ಕೊನೆಯಿಲ್ಲ. ದಿನಬಳಕೆಯ ಶಬ್ದಕೋಶದಲ್ಲಿ ಪದಗಳ ಅರ್ಥವನ್ನು ಅಳೆಯುವ ಅಳತೆಗೋಲು ಇಲ್ಲ. ಪದಗಳ ಚರಿತ್ರೆಯೋ ಸಾವಿರಾರು ವರ್ಷಗಳ ಧ್ವನಿಪರಿವರ್ತನೆಯಲ್ಲಿ ಕಲಸಿಹೋಗಿದೆ.

ಈ ಬಿಕ್ಕಟ್ಟಿನಿಂದ ಹೊರಬರಲು ಕಳೆದ ಕೆಲವು ವರ್ಷಗಳಲ್ಲಿ ಭಾಷಾವಿಜ್ಞಾನಿಗಳು ಹಿಡಿದ ದಾರಿ ಅನಿರೀಕ್ಷಿತವಾದುದು. ಅದು ಮಕ್ಕಳ ವಿಡಿಯೊ ಆಟವೊಂದರ ಹೆಸರುಗಳ ಅಧ್ಯಯನ. ಜಪಾನಿನ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿದ, ಸತೋಷಿ ತಜಿರಿಯವರ ಕಲ್ಪನೆಯಿಂದ ಹುಟ್ಟಿದ 'ಪೋಕೆಮಾನ್' 1996ರ ಫೆಬ್ರವರಿಯಲ್ಲಿ ಮೊದಲು ಬಿಡುಗಡೆಯಾಯಿತು. ಆಡುವವನು ವಿಚಿತ್ರ ಜೀವಿಗಳನ್ನು ಹಿಡಿಯುತ್ತಾನೆ, ಸಾಕುತ್ತಾನೆ, ಬೇರೆಯವರ ಜೀವಿಗಳೊಡನೆ ಕಾದಾಡಿಸುತ್ತಾನೆ. ಕಾದಾಟದಲ್ಲಿ ಪಳಗಿದ ಜೀವಿ ಒಂದು ಹಂತದಲ್ಲಿ ರೂಪ ಬದಲಿಸಿ ದೊಡ್ಡದಾಗುತ್ತದೆ; ಇದನ್ನು ಆಟದಲ್ಲಿ 'ವಿಕಾಸ' ಎನ್ನುತ್ತಾರೆ. ರೂಪದೊಂದಿಗೆ ಹೆಸರೂ ಬದಲಾಗುತ್ತದೆ. ಜೀವಶಾಸ್ತ್ರದ ವಿಕಾಸಕ್ಕೆ ಇದರಲ್ಲಿ ಏನೂ ಇಲ್ಲ. ಕಂಬಳಿಹುಳು ಚಿಟ್ಟೆಯಾಗುವ ರೂಪಾಂತರಕ್ಕೇ ಇದು ಹತ್ತಿರ. ಮೊದಲ ಆಟದಲ್ಲಿ 151 ಜೀವಿಗಳಿದ್ದವು. ಆರನೆಯ ತಲೆಮಾರಿನ ಹೊತ್ತಿಗೆ 700ನ್ನು ದಾಟಿದವು.

ಭಾಷಾವಿಜ್ಞಾನಿಗೆ ಇದರಲ್ಲಿ ಏನು ಲಾಭ? ಈ ಕಲ್ಪಿತ ಲೋಕದಲ್ಲಿ ಪ್ರತಿಯೊಂದು ಜೀವಿಗೂ ಒಂದು ಹೆಸರಿದೆ. ಪ್ರತಿಯೊಂದಕ್ಕೂ ಎತ್ತರ, ತೂಕ, ಆಕ್ರಮಣ ಶಕ್ತಿ, ರಕ್ಷಣಾ ಶಕ್ತಿ, ವೇಗ ಮುಂತಾದವು ಅಂಕಿಗಳಲ್ಲಿ ನಿಗದಿಯಾಗಿವೆ. ಹೆಸರುಗಳೆಲ್ಲ ಇತ್ತೀಚಿನವು, ಯಾರೋ ಕುಳಿತು ಕಟ್ಟಿದವು. ಅದೇ ಜೀವಿಗೆ ಹಲವು ಭಾಷೆಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. 'ನದಿ' ಎಂಬ ಅರ್ಥದ ಪದಗಳನ್ನು ಎರಡು ಭಾಷೆಗಳಲ್ಲಿ ಹೋಲಿಸುವಾಗ ಎರಡೂ ಕಡೆಯವರ ಮನಸ್ಸಿನಲ್ಲಿರುವ ನದಿ ಒಂದೇ ಎಂದು ಹೇಳಲಾಗದು. ಇಲ್ಲಿ ಮಾತ್ರ ವಾಚ್ಯವಸ್ತು ಎಲ್ಲ ಭಾಷೆಗಳಿಗೂ ಒಂದೇ. ಕ್ಷೇತ್ರಕಾರ್ಯದಲ್ಲಿ ಎಂದೂ ದೊರೆಯದ ಸ್ಥಿತಿಯಿದು. ಕೇಯೊ ವಿಶ್ವವಿದ್ಯಾಲಯದ ಶಿಗೆತೊ ಕವಹರ ಮತ್ತು ಅವರ ಸಹೋದ್ಯೋಗಿಗಳು ಆರಂಭಿಸಿದ ಈ ಅಧ್ಯಯನಶಾಖೆಗೆ ಈಗ 'ಪೋಕೆಮೊನಾಸ್ಟಿಕ್ಸ್' ಎಂಬ ಹೆಸರೇ ನಿಂತಿದೆ. ಪ್ರಸ್ತುತ ಲೇಖನದಲ್ಲಿ ನಾವು ಅದರ ಮುಖ್ಯ ಫಲಿತಗಳನ್ನು ವಿವರಿಸಿ, ಅವುಗಳಲ್ಲಿ ಎಷ್ಟು ಭಾಗ ಧ್ವನಿಸಾಂಕೇತಿಕತೆಗೆ ಸಲ್ಲುತ್ತದೆ, ಎಷ್ಟು ಭಾಗ ಜಪಾನಿ ವ್ಯಾಕರಣಕ್ಕೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಎತ್ತುತ್ತೇವೆ. ಈ ಪ್ರಶ್ನೆಗೆ ಕನ್ನಡದ ವ್ಯಾಕರಣ ಒಂದು ನೇರವಾದ ಬೆಳಕನ್ನು ಚೆಲ್ಲುತ್ತದೆಂಬುದು ನಮ್ಮ ಅಭಿಪ್ರಾಯ.

ಘೋಷ ಮತ್ತು ತೂಕ

ಜಪಾನಿ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇವೆ. ನಮ್ಮ ಮಕ್ಕಳು ಬಲ್ಲ ಇಂಗ್ಲಿಷ್ ಹೆಸರುಗಳಿಗಿಂತ ಇವು ಬೇರೆ. 'ಪಿಕಾಚು' ಎಂದು ಇಲ್ಲಿ ಪ್ರಸಿದ್ಧವಾದುದು ಮೂಲದಲ್ಲಿ 'ಪಿಕಚೂ'. ಜಪಾನಿ ಕಿವಿಗೆ ಅದರಲ್ಲಿ ಮಿಂಚುವುದನ್ನು ಸೂಚಿಸುವ 'ಪಿಕ' ಎಂಬ ಅನುಕರಣವೂ ಇಲಿಯ ಕೂಗಾದ 'ಚೂ' ಎಂಬುದೂ ಕೇಳಿಸುತ್ತವೆ.

ಮೊದಲು ಒಂದು ಕುಟುಂಬವನ್ನು ನೋಡೋಣ. ಗೊದಮೊಟ್ಟೆಯ ರೂಪದ ಜೀವಿಯ ಹೆಸರು 'ನ್ಯೊರೊಮೊ'; ಅದು ಬೆಳೆದು 'ನ್ಯೊರೊಜೊ' ಆಗುತ್ತದೆ, ಅದು ಮತ್ತೆ 'ನ್ಯೊರೊಬೊನ್' ಆಗುತ್ತದೆ. ತೂಕ ಕ್ರಮವಾಗಿ 12.4, 20 ಮತ್ತು 54 ಕಿಲೊಗ್ರಾಂ. 'ನ್ಯೊರೊ' ಎಂಬುದು ತೆವಳುವ, ನುಲಿಯುವ ಚಲನೆಯನ್ನು ಸೂಚಿಸುವ ಅನುಕರಣ. ಅದು ಮೂರರಲ್ಲಿಯೂ ಸಮಾನ. ಬದಲಾಗುವುದು ಬಾಲ ಮಾತ್ರ: ಮಕಾರದ ಜಾಗದಲ್ಲಿ ಘೋಷ ಘರ್ಷ ಧ್ವನಿ, ಅದರ ಜಾಗದಲ್ಲಿ ಬಕಾರ, ಕೊನೆಗೊಂದು ಅನುನಾಸಿಕ. ಕವಹರ, ಅತ್ಸುಶಿ ನೊತೊ ಮತ್ತು ಗಕುಜಿ ಕುಮಗೈ 2018ರಲ್ಲಿ 'ಫೊನೆಟಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, 2016ರ ಅಕ್ಟೋಬರ್‌ವರೆಗೆ ಲಭ್ಯವಿದ್ದ ಎಲ್ಲ ಜಪಾನಿ ಪೋಕೆಮಾನ್ ಹೆಸರುಗಳನ್ನು ಪರಿಶೀಲಿಸಿ ಇಂಥ ಉದಾಹರಣೆಗಳು ಬಿಡಿಬಿಡಿಯಾದವಲ್ಲ ಎಂದು ತೋರಿಸಿತು. ಹೆಸರಿನಲ್ಲಿರುವ ಘೋಷ ಅವರೋಧಕಗಳ, ಅಂದರೆ ಘೋಷವುಳ್ಳ ಸ್ಪರ್ಶ, ಘರ್ಷ ಮತ್ತು ಅನುಘರ್ಷ ವ್ಯಂಜನಗಳ ಸಂಖ್ಯೆ ಹೆಚ್ಚಿದಂತೆ ಎತ್ತರ, ತೂಕ, ವಿಕಾಸದ ಹಂತ ಮತ್ತು ಶಕ್ತಿಯ ಅಂಕಿಗಳು ಹೆಚ್ಚುತ್ತವೆ. ಇದಕ್ಕೆ ಒಂದೇ ಒಂದು ಗುಣ ಹೊರತು, ಅದು ವೇಗ. ಈ ಹೊರತನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಘೋಷಧ್ವನಿ ಬರಿದೇ 'ಮೇಲು' ಎಂಬ ಮೌಲ್ಯವನ್ನು ಸೂಚಿಸುತ್ತಿದ್ದರೆ ವೇಗದಲ್ಲಿಯೂ ಅದು ಕಾಣಬೇಕಿತ್ತು. ಕಾಣಲಿಲ್ಲವೆಂದರೆ ಅದು ಸೂಚಿಸುವುದು ಗಾತ್ರವನ್ನೂ ಭಾರವನ್ನೂ ಎಂದಾಯಿತು. ಭಾರವಾದುದು ವೇಗವಾಗಿ ಓಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಜಪಾನಿ ಭಾಷೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಅಲ್ಲಿನ ಅನುಕರಣ ಪದಗಳ ವ್ಯವಸ್ಥೆಯಲ್ಲಿ ಘೋಷ–ಅಘೋಷ ಭೇದ ಬಹು ಕ್ರಮಬದ್ಧವಾಗಿ ಕೆಲಸ ಮಾಡುತ್ತದೆ. ಹಗುರವಾದ ವಸ್ತು ಉರುಳಿದರೆ 'ಕೊರೊಕೊರೊ', ಭಾರವಾದುದು ಉರುಳಿದರೆ 'ಗೊರೊಗೊರೊ'. ಮೆಲ್ಲನೆ ತಟ್ಟಿದರೆ 'ತೊನ್‌ತೊನ್', ಬಲವಾಗಿ ಬಡಿದರೆ 'ದೊನ್‌ದೊನ್'. ನಕ್ಷತ್ರದಂತೆ ಮಿನುಗಿದರೆ 'ಕಿರಕಿರ', ಕಣ್ಣು ಕುಕ್ಕುವಂತೆ ಹೊಳೆದರೆ 'ಗಿರಗಿರ'. ರಾಕ್ಷಸಾಕಾರದ ಜೀವಿಗಳ ಚಲನಚಿತ್ರಗಳಲ್ಲಿಯೂ ಇದೇ ನೇಮ. 1965ರ ಚಿತ್ರವೊಂದರ ದೈತ್ಯ ಆಮೆಯ ಹೆಸರು 'ಗಮೆರ'. ಆಮೆಗೆ ಜಪಾನಿಯಲ್ಲಿ ಇರುವ ಪದ 'ಕಮೆ'.

ಕಾರಣವನ್ನು ಉಚ್ಚಾರಣೆಯ ಭೌತಿಕತೆಯಲ್ಲಿ ಹುಡುಕಬಹುದು. ಸ್ಪರ್ಶವ್ಯಂಜನದಲ್ಲಿ ಬಾಯಿ ಮುಚ್ಚಿರುವಾಗ ಘೋಷವನ್ನು ಉಳಿಸಿಕೊಳ್ಳಬೇಕಾದರೆ ಗಾಳಿ ಕಂಠದ್ವಾರದ ಮೂಲಕ ಹರಿಯುತ್ತಲೇ ಇರಬೇಕು. ಅದಕ್ಕೆ ಮೇಲಿನ ಕುಹರ ಹಿಗ್ಗಬೇಕು. ಧ್ವನಿಪೆಟ್ಟಿಗೆ ಕೆಳಗಿಳಿಯುತ್ತದೆ, ಗಂಟಲಿನ ಕುಹರ ವಿಸ್ತರಿಸುತ್ತದೆ. ಪಕ್ಕದ ಸ್ವರದ ಮೂಲ ಆವೃತ್ತಿಯೂ ಇಳಿಯುತ್ತದೆ. ದೊಡ್ಡ ಪ್ರಾಣಿ ತಗ್ಗಿದ ದನಿಯಲ್ಲಿಯೂ ಸಣ್ಣ ಪ್ರಾಣಿ ಏರಿದ ದನಿಯಲ್ಲಿಯೂ ಕೂಗುತ್ತದೆ ಎಂಬ ಅನುಭವವನ್ನು ಮನುಷ್ಯಭಾಷೆಯ ಅರ್ಥವ್ಯವಸ್ಥೆಗೆ ಜೋಡಿಸಿದ ಜಾನ್ ಒಹಾಲರ 'ಆವೃತ್ತಿ ಸಂಕೇತ' ಸಿದ್ಧಾಂತಕ್ಕೆ ಇದು ಹೊಂದುತ್ತದೆ. ಇಕಾರ ಸಣ್ಣದು, ಅಕಾರ ದೊಡ್ಡದು ಎಂದು 1929ರಲ್ಲಿಯೇ 'ಮಿಲ್' ಮತ್ತು 'ಮಲ್' ಎಂಬ ಕಲ್ಪಿತ ಪದಗಳ ಮೂಲಕ ಎಡ್ವರ್ಡ್ ಸಪೀರ್ ತೋರಿಸಿದ ಸಂಗತಿಯೂ ಇದರೊಳಗೆ ಸೇರುತ್ತದೆ. ಪೋಕೆಮಾನ್ ಹೆಸರುಗಳಲ್ಲಿ ಸ್ವರದ ಪರಿಣಾಮ ಕಂಡರೂ ಅದು ದುರ್ಬಲವಾಗಿದೆ: ಮೊದಲ ಅಕ್ಷರದಲ್ಲಿ ಇಕಾರ ಅಥವಾ ಉಕಾರವಿರುವ ಜೀವಿಗಳು ತುಸು ಸಣ್ಣವು, ತುಸು ಹಗುರ.

ಮಾತ್ರೆಗಳ ಲೆಕ್ಕ

ಎರಡನೆಯ ಫಲಿತ ಹೆಸರಿನ ಉದ್ದಕ್ಕೆ ಸಂಬಂಧಿಸಿದ್ದು. ಜಪಾನಿಯಲ್ಲಿ ಉದ್ದವನ್ನು ಮೋರಾಗಳಲ್ಲಿ ಎಣಿಸುತ್ತಾರೆ. ಕನ್ನಡ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ನಮ್ಮ ಛಂದಸ್ಸಿನ ಮಾತ್ರೆಯೇ ಅದು. ಲಘುವಿಗೆ ಒಂದು, ದೀರ್ಘಕ್ಕೂ ವ್ಯಂಜನ ಹಿಂದಿರುವ ಗುರುವಿಗೂ ಎರಡು. 'ಪಿಕಚೂ' ನಾಲ್ಕು ಮಾತ್ರೆ, 'ರಿಜಾದೊನ್' ಐದು. ಹೆಸರಿನ ಮಾತ್ರೆಗಳು ಹೆಚ್ಚಿದಷ್ಟೂ ಎತ್ತರ, ತೂಕ, ವಿಕಾಸದ ಹಂತ, ಈ ಸಲ ವೇಗವೂ ಸೇರಿದಂತೆ ಎಲ್ಲ ಬಗೆಯ ಶಕ್ತಿ ಹೆಚ್ಚುತ್ತವೆ. ಇದು ಘೋಷದಂತೆ ಗಾತ್ರವನ್ನಷ್ಟೇ ಅಲ್ಲ, 'ಹೆಚ್ಚು' ಎಂಬುದನ್ನೇ ಸೂಚಿಸುವಂತೆ ತೋರುತ್ತದೆ. ಧ್ವನಿಯ ಪರಿಮಾಣ ಅರ್ಥದ ಪರಿಮಾಣವನ್ನು ಪ್ರತಿಬಿಂಬಿಸುವ ಪ್ರತಿಮಾರೂಪಿ ಸಂಬಂಧವಿದು. ದ್ವಿರುಕ್ತಿಯಿಂದ ಬಹುತ್ವವನ್ನೂ ತೀವ್ರತೆಯನ್ನೂ ಹೇಳುವ ನಮ್ಮ 'ದೊಡ್ಡ ದೊಡ್ಡ', 'ಮನೆಮನೆ'ಗಳ ದೂರದ ನಂಟ.

ಈ ವಿಷಯದಲ್ಲಿ ಆಟದ ಎರಡನೆಯ ತಲೆಮಾರು ತುಂಬ ಕುತೂಹಲಕರ. 1999ರ 'ಗೋಲ್ಡ್' ಮತ್ತು 'ಸಿಲ್ವರ್' ಆವೃತ್ತಿಗಳಲ್ಲಿ ಜೀವಿಗಳನ್ನು ಜೊತೆಗೂಡಿಸಿ ಮೊಟ್ಟೆ ಪಡೆಯುವ, ಮರಿಮಾಡಿಸುವ ವ್ಯವಸ್ಥೆ ಬಂದಿತು. ಹಳೆಯ ಕೆಲವು ಜೀವಿಗಳಿಗೆ ಮರಿಹಂತವೊಂದನ್ನು ಹಿಂದಕ್ಕೆ ಸೇರಿಸಲಾಯಿತು. ಎಂದರೆ ದೊಡ್ಡದರ ಹೆಸರು ಆಗಲೇ ಜನಜನಿತವಾಗಿದೆ, ಅದನ್ನು ಮುಟ್ಟುವಂತಿಲ್ಲ, ಅದರಿಂದ ಸಣ್ಣದೊಂದು ಹೆಸರನ್ನು ಕಡೆದು ತೆಗೆಯಬೇಕು. ಸಾಮಾನ್ಯವಾಗಿ ಹೆಸರಿಡುವ ದಿಕ್ಕು ಇಲ್ಲಿ ತಿರುವುಮುರುವಾಗಿರುವುದರಿಂದ ಹೆಸರಿಡುವವರ ಭಾಷಾಪ್ರಜ್ಞೆ ಬರಿಗಣ್ಣಿಗೆ ಕಾಣುತ್ತದೆ. 'ಪಿಕಚೂ' ನಡುವಿನ ಒಂದು ಮಾತ್ರೆಯನ್ನು ಕಳೆದುಕೊಂಡು 'ಪಿಚೂ' ಆಯಿತು. ತೂಕ 6 ಕಿಲೊಗ್ರಾಂನಿಂದ 2ಕ್ಕೆ ಇಳಿಯಿತು. 'ಪಿಪ್ಪಿ' ಮತ್ತು 'ಪಿಕುಶೀ' ಎಂಬ ಹಳೆಯ ಜೋಡಿಗೆ 'ಪೀ' ಎಂಬ ಮರಿ ಸೇರಿತು: ಎರಡು ಮಾತ್ರೆ, ಮೂರು ಮಾತ್ರೆ, ನಾಲ್ಕು ಮಾತ್ರೆ, 3, 7.5 ಮತ್ತು 40 ಕಿಲೊಗ್ರಾಂ. ಬೆಂಕಿಯ ಜೀವಿಯಾದ 'ಬೂಬಾ'ದ ಮರಿ 'ಬುಬೀ'. ಮಾತ್ರೆಯೂ ಒಂದು ಕಡಿಮೆ, ಆಕಾರದ ಜಾಗಕ್ಕೆ ಈಕಾರವೂ ಬಂತು. ಸಪೀರನ ಪ್ರಯೋಗವನ್ನು ಆಟದವರು ತಮಗರಿವಿಲ್ಲದೆ ಮತ್ತೊಮ್ಮೆ ಮಾಡಿದಂತಿದೆ.

ಎಲ್ಲವೂ ಹೀಗೆ ಒಪ್ಪವಾಗಿಲ್ಲ. 'ಪುರಿನ್' ಎಂಬುದರ ಮರಿ 'ಪುಪುರಿನ್'. ಇದರ ಹೆಸರು ತಾಯಿಯ ಹೆಸರಿಗಿಂತ ಉದ್ದ. ಆದರೆ ಉದ್ದವಾದ ಬಗೆಯನ್ನು ಗಮನಿಸಬೇಕು. ಮೊದಲಕ್ಷರ ಎರಡಾಗುವುದು ಮಗುವಿನ ತೊದಲಿನ ಲಕ್ಷಣ. ಇಲ್ಲಿ ಉದ್ದದ ಸಂಕೇತವನ್ನು ಶಿಶುಭಾಷೆಯ ಸಂಕೇತ ಗೆದ್ದಿದೆ. ಪಕಾರದ ಮೇಲುಗೈಯೂ ಇದನ್ನೇ ಹೇಳುತ್ತದೆ: ಪಿಚೂ, ಪೀ, ಪುಪುರಿನ್. ಓಷ್ಠ್ಯ ವ್ಯಂಜನಗಳು ಮಗುವಿನ ಬಾಯಲ್ಲಿ ಮೊದಲು ಮೂಡುವವು. ಶಿಶುಗಳ ವಸ್ತುಗಳಿಗೆ ಹೆಸರಿಡುವಾಗ ಜಪಾನಿಗಳು ಓಷ್ಠ್ಯಗಳತ್ತ ವಾಲುತ್ತಾರೆಂದು ಕುಮಗೈ ಮತ್ತು ಕವಹರ ಮಕ್ಕಳ ಡಯಾಪರ್‌ಗಳ ಹೆಸರುಗಳನ್ನು ಮುಂದಿಟ್ಟುಕೊಂಡು ತೋರಿಸಿದ್ದಾರೆ. ಬಕಾರ ಘೋಷವೂ ಹೌದು, ಓಷ್ಠ್ಯವೂ ಹೌದು. 'ಬುಬೀ' ಎಂಬಲ್ಲಿ ಭಾರ ಮತ್ತು ಮುದ್ದು ಎರಡೂ ಸಂಕೇತಗಳು ಒಂದೇ ಧ್ವನಿಯೊಳಗೆ ಜಗಳವಾಡುತ್ತವೆ. (460 ಕಿಲೊಗ್ರಾಂ ತೂಗುವ 'ಕಬಿಗೊನ್' ಎಂಬ ದೈತ್ಯನಿಗೆ ಮುಂದೊಮ್ಮೆ ಸೇರಿಸಿದ ಮರಿಯ ಹೆಸರು 'ಗೊಂಬೆ'. ಕನ್ನಡದ ಕಿವಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಆದರೆ ಇದು ಶುದ್ಧ ಆಕಸ್ಮಿಕ.)

ಉದ್ದದ ವಿಷಯದಲ್ಲಿ ಒಂದು ತಾಂತ್ರಿಕ ಎಚ್ಚರವೂ ಅಗತ್ಯ. ಐದನೆಯ ತಲೆಮಾರಿನವರೆಗೆ ಜಪಾನಿ ಹೆಸರುಗಳಿಗೆ ಐದು ಕನ ಅಕ್ಷರಗಳ ಮಿತಿಯಿತ್ತು. 2013ರಲ್ಲಿ ಅದು ಆರಕ್ಕೆ ಏರಿತು. ಹೀಗಾಗಿ 'ಫುಶಿಗಿದನೆ' (6.9 ಕಿಲೊಗ್ರಾಂ), 'ಫುಶಿಗಿಸೋ' (13), 'ಫುಶಿಗಿಬನ' (100) ಎಂಬ ಕುಟುಂಬದಲ್ಲಿ ಮರಿಯೇ ಚಾವಣಿಗೆ ತಲೆ ತಾಗಿಸಿಕೊಂಡು ಹುಟ್ಟಿದೆ, ಮುಂದಿನವು ಬೆಳೆಯಲು ಜಾಗವೇ ಇಲ್ಲ. ಇಂಥ ಕುಟುಂಬಗಳನ್ನು ಉದ್ದದ ತತ್ತ್ವಕ್ಕೆ ವಿರುದ್ಧ ಸಾಕ್ಷ್ಯವೆಂದು ಎಣಿಸುವುದು ಸರಿಯಲ್ಲ. ಅದಕ್ಕೆ ಎದುರಾಗಿ 'ಕೊಸುಮೊಗ್ಗು' ಮತ್ತು 'ಕೊಸುಮೋಮು' ಎಂಬ ಜೋಡಿಯನ್ನು ಯಾವ ಮಿತಿಯ ನೆಪದಿಂದಲೂ ವಿವರಿಸಲಾಗದು. ಮೊದಲನೆಯದರಲ್ಲಿ ಘೋಷ ದ್ವಿತ್ವವಿದೆ, ತೂಕ 0.1 ಕಿಲೊಗ್ರಾಂ. ಎರಡನೆಯದರಲ್ಲಿ ಒಂದೂ ಘೋಷ ಅವರೋಧಕವಿಲ್ಲ, ಹೆಸರಿನ ಮಾತ್ರೆಗಳು ಅಷ್ಟೇ, ತೂಕ ಮಾತ್ರ 999.9 ಕಿಲೊಗ್ರಾಂ. ಧ್ವನಿಸಾಂಕೇತಿಕತೆ ಒಂದು ಒಲವೇ ಹೊರತು ನಿಯಮವಲ್ಲ ಎಂಬುದನ್ನು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಜೋಡಿ ನಮಗೆ ತಿಳಿಯದು.

ರೆಂದಾಕು ಮತ್ತು ಆದೇಶಸಂಧಿ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇವೆ. 'ಫುಶಿಗಿದನೆ'ಯಲ್ಲಿ ಎರಡು ಘೋಷ ಅವರೋಧಕಗಳಿವೆ. ಅದರ ಮುಂದಿನ ಹಂತವಾದ 'ಫುಶಿಗಿಸೋ'ದಲ್ಲಿ ಒಂದೇ. ಆಮೆಮರಿಯಾದ 'ಜೆನಿಗಮೆ'ಯಲ್ಲಿ ಎರಡು. ಅದು ಬೆಳೆದು 85.5 ಕಿಲೊಗ್ರಾಂ ತೂಗುವ 'ಕಮೆಕ್ಕುಸು' ಆದಾಗ ಒಂದೂ ಇಲ್ಲ. ಇವನ್ನು ಒಲವಿಗೆ ಹೊರತಾದವು ಎಂದು ಬಿಟ್ಟುಬಿಡಬಹುದೆ?

ಹೆಸರುಗಳನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ತೆರೆದುಕೊಳ್ಳುತ್ತದೆ. 'ಫುಶಿಗಿ' ಎಂದರೆ ಅಚ್ಚರಿ, 'ತನೆ' ಎಂದರೆ ಬೀಜ. ಸಮಾಸವಾದಾಗ ಉತ್ತರಪದದ ಮೊದಲ ತಕಾರ ದಕಾರವಾಗುತ್ತದೆ. 'ಹನ' ಎಂದರೆ ಹೂವು. ಸಮಾಸದಲ್ಲಿ ಅದು 'ಬನ'. 'ಜೆನಿ' ಎಂದರೆ ನಾಣ್ಯ, 'ಕಮೆ' ಎಂದರೆ ಆಮೆ. 'ಜೆನಿಗಮೆ' ಎಂಬುದು ಆಟದವರು ಕಟ್ಟಿದ ಪದವೇ ಅಲ್ಲ, ಆಮೆಮರಿಗೆ ಜಪಾನಿಯಲ್ಲಿ ಮೊದಲಿನಿಂದ ಇರುವ ಹೆಸರು. ಜಪಾನಿ ವ್ಯಾಕರಣದಲ್ಲಿ ಇದಕ್ಕೆ 'ರೆಂದಾಕು' ಎನ್ನುತ್ತಾರೆ. ಇತರ ಭಾಷೆಯವರಿಗೆ ಉದ್ದದ ವಿವರಣೆ ಬೇಕಾಗುವ ಈ ಪ್ರಕ್ರಿಯೆಯನ್ನು ಕನ್ನಡದ ಪ್ರೌಢಶಾಲೆಯ ಹುಡುಗನೊಬ್ಬ ಒಂದು ಸಾಲಿನಲ್ಲಿ ಹೇಳಬಲ್ಲ: ಉತ್ತರಪದದ ಆದಿಯಲ್ಲಿರುವ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. 'ಹನ–ಬನ' ಜೋಡಿಯಲ್ಲಿ ಹಕಾರ ಏಕೆ ಬಕಾರವಾಗುತ್ತದೆ ಎಂಬುದೂ ನಮಗೆ ಒಗಟಲ್ಲ. ಜಪಾನಿಯ ಈ ಹಕಾರ ಹಿಂದೊಮ್ಮೆ ಪಕಾರವಾಗಿತ್ತು; 'ಪೂ' ಎಂಬುದನ್ನು 'ಹೂ' ಮಾಡಿಕೊಂಡ ಭಾಷೆಯವರಿಗೆ ಇದು ಹಳೆಯ ಪರಿಚಯ.

ರೆಂದಾಕುವಿಗೆ ಒಂದು ಪ್ರಸಿದ್ಧ ತಡೆಯಿದೆ. ಉತ್ತರಪದದೊಳಗೆ ಮೊದಲೇ ಒಂದು ಘೋಷ ಅವರೋಧಕವಿದ್ದರೆ ಆದೇಶ ಆಗುವುದಿಲ್ಲ. ಇದು 'ಲೈಮನ್‌ನ ನಿಯಮ'. ಬೆಂಕಿಬಾಲದ ಹಲ್ಲಿಯಾದ 'ಹಿತೊಕಗೆ'ಯಲ್ಲಿ 'ಹಿ' ಎಂದರೆ ಬೆಂಕಿ, 'ತೊಕಗೆ' ಎಂದರೆ ಹಲ್ಲಿ. ತೊಕಗೆಯೊಳಗೆ ಗಕಾರವಿರುವುದರಿಂದ ಅದು 'ಹಿದೊಕಗೆ' ಆಗಲಿಲ್ಲ. ಆಟದ ಮೊದಲ ಮೂರು ಜೀವಿಗಳ ಹೆಸರುಗಳಲ್ಲಿಯೇ ರೆಂದಾಕು ಮತ್ತು ಅದರ ತಡೆ ಎರಡಕ್ಕೂ ಉದಾಹರಣೆ ಸಿಗುತ್ತದೆ. ಜಪಾನಿ ಧ್ವನಿವ್ಯವಸ್ಥೆಯನ್ನು ಕಲಿಸುವ ಅಧ್ಯಾಪಕರು ಇದನ್ನು ಬಳಸಿಕೊಳ್ಳದಿದ್ದರೆ ನಷ್ಟ ಅವರದೇ.

ಇದರಿಂದ ಹೊರಡುವ ಪರಿಣಾಮ ಸಣ್ಣದಲ್ಲ. ಹೆಸರೊಂದರಲ್ಲಿರುವ ಘೋಷ ಅವರೋಧಕಗಳನ್ನು ಸುಮ್ಮನೆ ಎಣಿಸಿದಾಗ ಮೂರು ಬಗೆಯವು ಒಂದೇ ಮೊತ್ತದಲ್ಲಿ ಬೆರೆಯುತ್ತವೆ. ವ್ಯಾಕರಣ ಕಡ್ಡಾಯವಾಗಿ ತಂದ ಘೋಷ ('ದನೆ', 'ಗಮೆ', 'ಬನ') ಒಂದು. ಆಯ್ದುಕೊಂಡ ಮೂಲಪದದಲ್ಲಿಯೇ ಇದ್ದ ಘೋಷ ಇನ್ನೊಂದು: 'ರಿಜಾದೊ' ಇಂಗ್ಲಿಷಿನ ಹಲ್ಲಿ, 'ಗೋಸುತೊ' ಇಂಗ್ಲಿಷಿನ ಭೂತ. ಮೂಲಪದದ ಒತ್ತಾಯವಿಲ್ಲದೆ ಹೆಸರಿಡುವವರು ಕೈಯಾರೆ ಇಟ್ಟಂತೆ ತೋರುವ ಘೋಷ ಮತ್ತೊಂದು. ನ್ಯೊರೊಜೊ, ನ್ಯೊರೊಬೊನ್‌ಗಳ ಬಾಲಗಳನ್ನು ನಾವು ಈ ವರ್ಗಕ್ಕೆ ಸೇರಿಸುತ್ತೇವೆ. ಎರಡನೆಯದನ್ನು ಧ್ವನಿಸಾಂಕೇತಿಕತೆಯ ಲೆಕ್ಕದಿಂದ ಪೂರ್ತಿ ತೆಗೆದುಹಾಕಲಾಗದು, ಏಕೆಂದರೆ ಯಾವ ಮೂಲಪದವನ್ನು ಎತ್ತಿಕೊಳ್ಳಬೇಕೆಂಬುದೇ ಒಂದು ಆಯ್ಕೆ. ಕಲ್ಲುಹಾವಾದ 'ಇವಾಕು' (210 ಕಿಲೊಗ್ರಾಂ) ಬೆಳೆದು 'ಹಗನೇರು' (400) ಆಗುವಲ್ಲಿ 'ಹಗನೆ', ಅಂದರೆ ಉಕ್ಕು, ತನ್ನೊಡನೆ ಗಕಾರವನ್ನು ತಂದಿತು. ಅದು ಅರ್ಥಕ್ಕಾಗಿ ಬಂದ ಪದವೋ, ನಾದವೂ ಒಗ್ಗಿದ್ದರಿಂದ ಉಳಿದ ಪದವೋ ಎಂದು ಹೆಸರಿನಿಂದಲೇ ಹೇಳಲಾಗದು. ಆದರೆ ಮೊದಲನೆಯ ವರ್ಗವನ್ನು ಪ್ರತ್ಯೇಕಿಸಲೇಬೇಕೆಂಬುದು ನಮ್ಮ ವಾದ. ರೆಂದಾಕುವಿನಿಂದ ಬಂದ ಘೋಷಗಳನ್ನು ಬೇರೆಯಾಗಿ ಗುರುತಿಸಿ ಎಣಿಸಿದರೆ ತೂಕದೊಡನೆ ಘೋಷದ ಸಂಬಂಧ ಇನ್ನಷ್ಟು ಬಿಗಿಯಾಗಬೇಕು; ಆಗದೆ ಸಡಿಲವಾದರೆ, ನಾವು ಸಾಂಕೇತಿಕತೆ ಎಂದು ಕರೆಯುತ್ತಿರುವುದರಲ್ಲಿ ಒಂದು ಪಾಲು 'ದೊಡ್ಡ ಜೀವಿಗಳಿಗೆ ಸಮಸ್ತಪದಗಳು ಹೆಚ್ಚು' ಎಂಬ ಸಂಗತಿಯ ನೆರಳೇ ಇರಬೇಕು. ಸಮಾಸವು ಘೋಷವನ್ನೂ ಉದ್ದವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ ಎಂಬುದನ್ನು ಮರೆಯಬಾರದು.

ಪ್ರಯೋಗ, ಲಿಪಿ ಮತ್ತು ಇತರ ಭಾಷೆಗಳು

ಹೆಸರುಗಳ ಕೋಶದಿಂದ ತಿಳಿಯುವುದು ಹೆಸರಿಟ್ಟ ಕೆಲವರ ಒಲವು ಮಾತ್ರ. ಸಾಮಾನ್ಯ ಭಾಷಿಕರಲ್ಲಿಯೂ ಅದೇ ಅರಿವು ಇದೆಯೇ ಎಂದು ತಿಳಿಯಲು ಪ್ರಯೋಗಗಳು ಬೇಕು. ಕವಹರ ಮತ್ತು ಕುಮಗೈ ಆಟದಲ್ಲಿಲ್ಲದ ಹೊಸ ಜೀವಿಗಳ ಚಿತ್ರಗಳನ್ನು, ವಿಕಾಸಕ್ಕೆ ಮೊದಲಿನದು ಮತ್ತು ಅನಂತರದ್ದು ಎಂಬ ಜೋಡಿಗಳಾಗಿ ತೋರಿಸಿ, ಕಲ್ಪಿತ ಹೆಸರುಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆಂದು ಕೇಳಿದರು. ಘೋಷ ಅವರೋಧಕಗಳಿರುವ ಹೆಸರುಗಳೂ ಉದ್ದವಾದ ಹೆಸರುಗಳೂ ದೊಡ್ಡ ರೂಪಕ್ಕೆ ಸಂದವು. ಮುಂದೆ 2020ರಲ್ಲಿ 'ಫೊನಾಲಜಿ' ಪತ್ರಿಕೆಯಲ್ಲಿ ಕವಹರ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮಾತ್ರೆ ಹೆಚ್ಚುತ್ತ ಹೋದಂತೆ 'ಇದು ಬೆಳೆದ ರೂಪ' ಎಂಬ ಉತ್ತರದ ಪ್ರಮಾಣ ಓರೆಯಾಗಿ ಮಲಗಿದ ಎಸ್ ಅಕ್ಷರದಂತೆ ಏರುತ್ತದೆ. ಹೆಸರಿನಲ್ಲಿ ಘೋಷವಿದ್ದರೆ ಅಂಥದೇ ಇನ್ನೊಂದು ವಕ್ರರೇಖೆ ಅದರ ಪಕ್ಕದಲ್ಲಿ ಸರಿದು ನಿಲ್ಲುತ್ತದೆ. ಹಲವು ನಿರ್ಬಂಧಗಳ ಭಾರ ಒಟ್ಟುಗೂಡಿ ಫಲಿತವನ್ನು ನಿರ್ಧರಿಸುವ ಸಂಭಾವ್ಯತಾ ವ್ಯಾಕರಣಗಳು ಮುಂಗಾಣುವ ಆಕಾರವೇ ಇದು. ಹಾಗಾದರೆ ಧ್ವನಿಸಾಂಕೇತಿಕತೆಯನ್ನು ವ್ಯಾಕರಣದ ಹೊರಗಣ ಅಲಂಕಾರವೆಂದು ತಳ್ಳಿಹಾಕುವುದು ಕಷ್ಟ. ಧ್ವನಿನಿಯಮಗಳು ಯಾವ ಯಂತ್ರದಲ್ಲಿ ನಡೆಯುತ್ತವೆಯೋ ಅದೇ ಯಂತ್ರದಲ್ಲಿ ಇದೂ ನಡೆಯುತ್ತಿರಬಹುದು. ನಮ್ಮ ದೃಷ್ಟಿಯಲ್ಲಿ ಈ ಇಡೀ ಅಧ್ಯಯನಪರಂಪರೆಯ ಸೈದ್ಧಾಂತಿಕ ತೂಕವಿರುವುದು ಇಲ್ಲಿಯೇ.

ಒಂದು ಆಕ್ಷೇಪ ಉಳಿಯುತ್ತದೆ. ಜಪಾನಿ ಕನ ಲಿಪಿಯಲ್ಲಿ ಅಘೋಷಾಕ್ಷರದ ಮೇಲೆ ಎರಡು ಪುಟ್ಟ ಗೀಟುಗಳನ್ನಿಟ್ಟರೆ ಅದು ಘೋಷವಾಗುತ್ತದೆ. ಬರಹದಲ್ಲಿ ಏನೋ ಕೂಡುವುದರಿಂದಲೇ 'ಹೆಚ್ಚು' ಎಂಬ ಭಾವ ಬರುತ್ತಿರಬಾರದೇಕೆ? ಇದಕ್ಕೆ ಉತ್ತರ ಇತರ ಭಾಷೆಗಳಿಂದ ಬರಬೇಕು. ಬ್ರೆಜಿಲಿನ ಪೋರ್ಚುಗೀಸ್ ಭಾಷಿಕರೊಡನೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಉದ್ದ ಮತ್ತು ಘೋಷಗಳ ಪರಿಣಾಮ ಕಂಡುಬಂದಿದೆ. ರೋಮನ್ ಲಿಪಿಯಲ್ಲಿ ಅಂಥ ಗೀಟುಗಳಿಲ್ಲ. ಆದುದರಿಂದ ಲಿಪಿಯೊಂದೇ ಕಾರಣವಾಗಲಾರದು. ಆದರೆ ಸ್ಟೆಫನಿ ಶಿ ಮತ್ತು ಅವರ ಸಂಗಡಿಗರು ಜಪಾನಿ, ಇಂಗ್ಲಿಷ್, ರಷ್ಯನ್, ಕೊರಿಯನ್, ಮ್ಯಾಂಡರಿನ್ ಮತ್ತು ಕ್ಯಾಂಟೊನೀಸ್ ಹೆಸರುಗಳನ್ನು ಹೋಲಿಸಿದಾಗ ಭಾಷೆಗೊಂದು ಬಗೆಯ ತಂತ್ರ ಕಂಡಿತು. ಯಾವ ಭಾಷೆಯ ಬಳಿ ಯಾವ ಧ್ವನಿಭೇದಗಳಿವೆಯೋ ಅವುಗಳಿಂದಲೇ ಅದು ತನ್ನ ಸಂಕೇತಗಳನ್ನು ಕಟ್ಟಿಕೊಳ್ಳಬೇಕು.

ಕನ್ನಡದಲ್ಲಿ ಪರೀಕ್ಷಿಸುವುದಾದರೆ

ಕನ್ನಡಕ್ಕೆಂದೇ ಕಟ್ಟಿದ ಪೋಕೆಮಾನ್ ಹೆಸರುಗಳ ಕೋಶ ಇಲ್ಲದ್ದರಿಂದ ನಮಗೆ ಉಳಿಯುವುದು ಕಲ್ಪಿತ ಪದಗಳ ಪ್ರಯೋಗ. ಅದನ್ನು ರೂಪಿಸುವ ಮೊದಲು ಕನ್ನಡದ ಕೆಲವು ವಿಶೇಷಗಳನ್ನು ಗಣಿಸಬೇಕಾಗುತ್ತದೆ. ಭಾರತೀಯ ಭಾಷೆಗಳ ಅನುಕರಣ ಪದಗಳನ್ನು ಕುರಿತ ಎಮೆನೊ ಅವರ 1969ರ ಲೇಖನದ ಅನಂತರ ಈ ಕ್ಷೇತ್ರ ನಮಗೆ ಅಪರಿಚಿತವಲ್ಲ. ಟಪಟಪ ಹನಿ ಬೀಳುತ್ತದೆ, ದಬದಬ ಮಳೆ ಸುರಿಯುತ್ತದೆ; ಪಟಪಟ ಮಾತಾಡುವುದಕ್ಕಿಂತ ಬಡಬಡಿಸುವುದು ಒರಟು. ಆದರೆ ಜಪಾನಿಯ 'ಕೊರೊ–ಗೊರೊ'ವಿನಂತೆ ಒಂದೇ ಧ್ವನಿಯಲ್ಲಿ ಭೇದವಿರುವ ಅಚ್ಚುಕಟ್ಟಾದ ಜೋಡಿಗಳು ಕನ್ನಡದಲ್ಲಿ ಸುಲಭವಾಗಿ ಸಿಗುವುದಿಲ್ಲ. 'ಟಪ–ದಬ'ದಲ್ಲಿ ಸ್ಥಾನವೂ ಬದಲಾಗಿದೆ. 'ಕಿಲಕಿಲ–ಗಲಗಲ'ದಲ್ಲಿ ಸ್ವರವೂ ಬದಲಾಗಿದೆ. ಗಿಲಿಗಿಲಿ ಎನ್ನುವ ಗಿಲಕಿ ಘೋಷವಿದ್ದರೂ ಹಗುರ. ಗಡಗಡ ನಡುಗುವವನಿಗೆ ಭಾರದ ಮಾತೇ ಇಲ್ಲ. ಸ್ವರ ಮತ್ತು ಘೋಷಗಳಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಅಳೆಯಲು ಕನ್ನಡ ಜಪಾನಿಗಿಂತ ಒಳ್ಳೆಯ ನೆಲವೆಂದು ಇದರಿಂದ ತೋರುತ್ತದೆ.

ಎರಡನೆಯದು ಮಹಾಪ್ರಾಣ. ದಡದಡ–ಧಡಧಡ, ದಗದಗ–ಧಗಧಗ, ಬರ್ರನೆ–ಭರ್ರನೆ ಎಂದು ಎರಡೂ ಬಗೆಯ ಬರಹಗಳು ಚಾಲ್ತಿಯಲ್ಲಿವೆ. ಎರಡನೆಯದು ಹೆಚ್ಚು ಬಲವಾದುದೆಂದು ಹಲವರಿಗೆ ತೋರಬಹುದು. ಕನ್ನಡದ ಬಹುತೇಕ ಆಡುನುಡಿಗಳಲ್ಲಿ ಮಹಾಪ್ರಾಣ ಉಚ್ಚಾರಣೆಯಲ್ಲಿಲ್ಲವೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿ, ಬರಹದಿಂದಲೂ ಅದನ್ನು ಕೈಬಿಡಬೇಕೆಂದು ಸೂಚಿಸಿದ್ದು ಎಲ್ಲರಿಗೂ ತಿಳಿದಿದೆ. ಹಾಗಿದ್ದಲ್ಲಿ 'ಧಡಧಡ'ದ ಬಲ ಕಿವಿಯಿಂದ ಬಂದುದೋ ಕಣ್ಣಿನಿಂದ ಬಂದುದೋ? ಕನ್ನಡ ಲಿಪಿಯಲ್ಲಿ ಕ ಮತ್ತು ಗಗಳ ಆಕಾರಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ದ–ಧ, ಡ–ಢ, ಪ–ಫಗಳಲ್ಲಿ ಅಡಿಯ ಒಂದು ಸೀಳುಗೆರೆಯೇ ಭೇದ. ಎಂದರೆ ಜಪಾನಿ ಲಿಪಿಯಲ್ಲಿ ಘೋಷಕ್ಕಿರುವ ಸ್ಥಾನ ನಮ್ಮ ಲಿಪಿಯಲ್ಲಿ ಮಹಾಪ್ರಾಣಕ್ಕಿದೆ. ಲಿಪಿಯ ಆಕ್ಷೇಪವನ್ನು ಧ್ವನಿಯಿಂದ ಬೇರ್ಪಡಿಸಿ ಪರೀಕ್ಷಿಸಲು ಇಂಥ ಅನುಕೂಲ ಅಪರೂಪ. ಘೋಷದ ಪರಿಣಾಮ ಕನ್ನಡದಲ್ಲಿ ಕಂಡರೆ ಅದು ಲಿಪಿಯಿಂದ ಬಂದುದಲ್ಲ. ಮಹಾಪ್ರಾಣದ ಪರಿಣಾಮ ಓದಿಸಿದಾಗ ಮಾತ್ರ ಕಂಡು ಕೇಳಿಸಿದಾಗ ಕಾಣದಿದ್ದರೆ ಅದು ಬಹುಮಟ್ಟಿಗೆ ಲಿಪಿಯದೇ.

ಆದುದರಿಂದ ಪ್ರಯೋಗವನ್ನು ಎರಡು ಗುಂಪುಗಳಲ್ಲಿ, ಒಂದಕ್ಕೆ ಹೆಸರುಗಳನ್ನು ಮುದ್ರಿಸಿ ಕೊಟ್ಟು, ಇನ್ನೊಂದಕ್ಕೆ ಧ್ವನಿಮುದ್ರಿಕೆಯಿಂದ ಕೇಳಿಸಿ ನಡೆಸಬೇಕು. 'ಕಟುರ–ಗಟುರ', 'ದಮಿರ–ಧಮಿರ', 'ಕಟುರ–ಕಟುರಾನ್' ಎಂಬಂಥ, ಒಂದೊಂದೇ ಅಂಶ ಬದಲಾಗುವ ಜೋಡಿಗಳು ಬೇಕು. ಸಮಸ್ತಪದದಂತೆ ಕೇಳುವ ಹೆಸರುಗಳನ್ನು ದೂರವಿಡಬೇಕು. 'ಕಲ್ಲುಗಟುರ' ಎಂದೊಡನೆ ಕನ್ನಡಿಗ ಗಕಾರವನ್ನು ಆದೇಶವೆಂದು ಬಿಡಿಸಿ ಒಳಗೆ ಕಕಾರವನ್ನೇ ಕಾಣುತ್ತಾನೆ, ಆಗ ಆ ಘೋಷಕ್ಕೆ ಯಾವ ಸಂಕೇತಬಲವೂ ಉಳಿಯಬೇಕಾಗಿಲ್ಲ. ಉಳಿಯುತ್ತದೆಯೇ ಇಲ್ಲವೇ ಎಂಬುದನ್ನೇ ಪ್ರತ್ಯೇಕವಾಗಿ ಕೇಳಬಹುದು: ಅದೇ ಗಕಾರ 'ಗಟುರ'ದಲ್ಲಿ ಎಷ್ಟು ತೂಗುತ್ತದೆ, 'ಕಲ್ಲುಗಟುರ'ದಲ್ಲಿ ಎಷ್ಟು ತೂಗುತ್ತದೆ? ಜಪಾನಿಯ 'ದನೆ', 'ಗಮೆ'ಗಳ ಘೋಷಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದಕ್ಕೂ ಈ ವ್ಯತ್ಯಾಸವೇ ಮೊದಲ ಅಳತೆಯಾದೀತು.